ಎಂ.ಎಸ್. ರೋಗಿಗೆ ವ್ಯಾಯಾಮದ ಪಥ್ಯ ಹೇಳುವವರು ಯಾರು?

ನಮ್ಮ ಕಡೆಯ ರೋಗಿ ಡಾಕ್ಟರ ಕೋಣೆಯಿಂದ ಸುಮ್ಮನೆ ಎದ್ದು ಬರುವುದಿಲ್ಲ. ಚೀಟಿ ಕೈಗೆ ಬಂದ ಮೇಲೆ ಬಾಗಿಲವರೆಗೆ ಹೋಗಿ, ಅಲ್ಲಿಂದ ತಿರುಗಿ ಒಂದು ಮಾತು ಕೇಳಿಯೇ ಕೇಳುತ್ತಾನೆ: "ಪಥ್ಯ ಏನಾದರೂ ಇದೆಯೇ ಡಾಕ್ಟರೇ?" ಬದನೆಕಾಯಿ ತಿನ್ನಬಹುದೇ, ಮೊಸರು ಬಿಡಬೇಕೇ, ತಲೆಗೆ ನೀರು ಹಾಕಿಕೊಳ್ಳಬಹುದೇ. ಡಾಕ್ಟರು ಮುಂದಿನವರ ಫೈಲು ತೆರೆಯುತ್ತಲೇ "ಏನೂ ಇಲ್ಲ, ಎಲ್ಲ ತಿನ್ನಿ" ಎಂದು ಮುಗಿಸುತ್ತಾರೆ.

ನನ್ನ ಚಿಕ್ಕಮ್ಮನ ಮಗಳೂ ಹೀಗೆಯೇ ಬಾಗಿಲಲ್ಲಿ ನಿಂತು ಕೇಳಿದ್ದಳು. ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂವತ್ತೊಂದನೆಯ ವಯಸ್ಸಿನಲ್ಲಿ ಒಂದು ಕಣ್ಣು ಮಂಜಾಯಿತು, ತಾನಾಗಿ ಸರಿಹೋಯಿತು. ವರ್ಷ ಕಳೆದು ಎಡಗಾಲು ಜೋಮು ಹಿಡಿದು ಬಿಡದಾದಾಗ ಎಂಆರ್‌ಐ ಮಾಡಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂದರು. ಪಥ್ಯದ ಪ್ರಶ್ನೆಗೆ ಸಿಕ್ಕ ಉತ್ತರ: "ಪಥ್ಯ ಇಲ್ಲ ಅಮ್ಮ. ಸುಸ್ತು ಮಾಡಿಕೊಳ್ಳಬೇಡಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಆ ಮಾತು ಮುಂದಿನ ಮೂರು ವರ್ಷ ಇಡೀ ಮನೆಯನ್ನು ಆಳಿತು. ಅತ್ತೆ ಕೊಡಪಾನ ಮುಟ್ಟಗೊಡಲಿಲ್ಲ. ಅಂಗಳದ ರಂಗೋಲಿ ನಾದಿನಿಯ ಪಾಲಾಯಿತು. ಶಾಲೆಗೆ ಆಟೋ, ತರಗತಿಯಲ್ಲಿ ಕುರ್ಚಿ, ಮನೆಗೆ ಬಂದರೆ ಮಂಚ. ಮೂರು ವರ್ಷಕ್ಕೆ ಶಾಲೆಯ ಜಗಲಿಯ ಆರು ಮೆಟ್ಟಿಲು ಹತ್ತಲು ಕಂಬಿ ಬೇಕಾಯಿತು. ಮತ್ತೆ ಎಂಆರ್‌ಐ ಮಾಡಿಸಿದರೆ ರೋಗದ ಹೊಸ ಗುರುತು ಒಂದೂ ಇರಲಿಲ್ಲ. ಹಾಗಾದರೆ ಕಾಲಿನ ಬಲ ತಿಂದದ್ದು ರೋಗವೋ, ಕುರ್ಚಿಯೋ?

ಎಂ.ಎಸ್. ರೋಗಿಗೆ ವ್ಯಾಯಾಮ ಒಳ್ಳೆಯದೇ ಎಂಬ ಚರ್ಚೆ ವೈದ್ಯಲೋಕದಲ್ಲಿ ಬಹುಮಟ್ಟಿಗೆ ಮುಗಿದಿದೆ. ಮುಗಿಯದಿರುವುದು, ಅದನ್ನು ರೋಗಿಯ ಕಿವಿಗೆ ಯಾರು, ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಹಾಕಬೇಕು ಎಂಬ ಪ್ರಶ್ನೆ.

ಎಂ.ಎಸ್. ಎಂದರೆ ಅಮೆರಿಕಕ್ಕೆ ಹೋಗಿ ಓದುವ ಪದವಿ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು, ಹಾಗಾಗಿ ರೋಗದ ಬಗ್ಗೆ ಸ್ವಲ್ಪ. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಸೋಂಕಿನ ವಿರುದ್ಧ ಕಾದಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಮೆದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ನಾಲೆಯ ಏರಿ ನಡುನಡುವೆ ಕುಸಿದರೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೂ ಕೊನೆಯ ಭಾಗದ ಗದ್ದೆಗೆ ಮುಟ್ಟುವುದಿಲ್ಲವಲ್ಲ, ಹಾಗೆ ಮೆದುಳಿನಿಂದ ಹೊರಟ ಆಜ್ಞೆ ಕಾಲ್ಬೆರಳು ಸೇರುವ ಮೊದಲೇ ಸೊರಗುತ್ತದೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಝಾನ್-ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದ. ಇಂದು ಜಗತ್ತಿನಲ್ಲಿ ಸುಮಾರು 29 ಲಕ್ಷ ಮಂದಿಗೆ ಇದೆ ಎಂದು ಅಂತರರಾಷ್ಟ್ರೀಯ ಎಂ.ಎಸ್. ಒಕ್ಕೂಟದ 2023ರ ಲೆಕ್ಕ ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಕನಿಷ್ಠ ಎರಡು ಪಟ್ಟು. ಪತ್ತೆಯಾಗುವ ಸರಾಸರಿ ವಯಸ್ಸು 32, ಅಂದರೆ ಮನೆ, ಮಕ್ಕಳು, ಕೆಲಸ ಎಲ್ಲವೂ ಒಟ್ಟಿಗೆ ಹೆಗಲ ಮೇಲಿರುವ ಕಾಲ.

ನಮ್ಮಲ್ಲಿ ಇದು ಅಪರೂಪ. ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷ ಜನರಿಗೆ ಸುಮಾರು ಎಂಟು ಮಂದಿ ಕಂಡುಬಂದರು. ಕೆನಡಾದಲ್ಲಿ ಈ ಸಂಖ್ಯೆ ಇನ್ನೂರನ್ನು ಮೀರುತ್ತದೆ. ಅಪರೂಪವಾಗಿರುವುದು ಸಮಾಧಾನದ ಸಂಗತಿಯೇನೋ ಹೌದು. ಆದರೆ ಇದರಿಂದಲೇ ಇನ್ನೊಂದು ತೊಡಕು: ತಾಲ್ಲೂಕಿನ ಡಾಕ್ಟರು, ಜಿಲ್ಲಾ ಕೇಂದ್ರದ ಫಿಜಿಯೋಥೆರಪಿಸ್ಟು ಇಂಥ ರೋಗಿಯನ್ನು ವರ್ಷಕ್ಕೊಬ್ಬರನ್ನು ಕಂಡರೆ ಹೆಚ್ಚು. ಕಾಣದ ರೋಗಕ್ಕೆ ಕೊಡುವ ಸಲಹೆ ಹಳೆಯ ಪಠ್ಯಪುಸ್ತಕದ ನೆನಪಿನಿಂದ ಬರುತ್ತದೆ, ಮತ್ತು ಹಳೆಯ ಪಠ್ಯ ಹೇಳಿದ್ದು ವಿಶ್ರಾಂತಿಯನ್ನೇ.

ಆ ವಿಶ್ರಾಂತಿಯ ಬೇರು 19ನೆಯ ಶತಮಾನದಲ್ಲಿದೆ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿ ಒಂದು ಸಂಗತಿ ದಾಖಲಿಸಿದ: ಕೆಲವು ಎಂ.ಎಸ್. ರೋಗಿಗಳು ದೇಹ ದಂಡಿಸಿದಾಗ ಅವರ ದೃಷ್ಟಿ ಮಸುಕಾಗುತ್ತದೆ, ಸುಧಾರಿಸಿಕೊಂಡರೆ ಮರಳುತ್ತದೆ. ನೋಡಿದ್ದು ಸರಿ, ಕಾರಣ ಮಾತ್ರ ಬೇರೆ. ಅದು ದಣಿವಿನ ಕೆಲಸವಲ್ಲ, ಬಿಸಿಯ ಕೆಲಸ ಎಂಬುದು ಸ್ಪಷ್ಟವಾಗಲು ದಶಕಗಳೇ ಬೇಕಾದವು. ಹೊದಿಕೆ ಕಳೆದುಕೊಂಡ ನರದಲ್ಲಿ ಸಂಕೇತ ಹೇಗೋ ತೆವಳಿಕೊಂಡು ಸಾಗುತ್ತಿರುತ್ತದೆ. ದೇಹದ ಶಾಖ ಅರ್ಧ ಡಿಗ್ರಿ ಏರಿದರೂ ಅಲ್ಲಿ ನಿಂತುಬಿಡಬಹುದು. ಜ್ವರ, ಬಿಸಿನೀರ ಸ್ನಾನ, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಎಲ್ಲವೂ ಇದನ್ನೇ ಮಾಡುತ್ತವೆ. ಎಂಆರ್‌ಐ ಬರುವ ಮೊದಲು ರೋಗಿಯನ್ನು ಬಿಸಿನೀರ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದೆಯೇ ಎಂದು ನೋಡುವ ಪರೀಕ್ಷೆಯೇ ಇತ್ತು. ಇದರಲ್ಲಿ ಮುಖ್ಯವಾದದ್ದು, ಮೈ ತಣಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ ಎಂಬುದು. ನರಕ್ಕೆ ಹೊಸ ಹಾನಿ ಆಗಿರುವುದಿಲ್ಲ. ಆದರೆ ವ್ಯಾಯಾಮ ಮಾಡಿದರೆ ರೋಗ ಕೆರಳುತ್ತದೆ ಎಂಬ ನಂಬಿಕೆ ನೂರು ವರ್ಷ ಬೇರುಬಿಟ್ಟಿತು. ರೋಗಿಯ ಕಣ್ಣು ಮಂಜಾಗುವುದನ್ನು ಎದುರಿಗೇ ಕಂಡ ವೈದ್ಯನಿಗೆ ಇನ್ನೇನು ಅನ್ನಿಸೀತು, ಅದೂ ನಿಜವೇ.

ನಂಬಿಕೆ ಅಲುಗಿದ್ದು 1996ರಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಾಜನ್ ತಂಡ 54 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೈಕಾಲು ಎರಡರಿಂದಲೂ ತುಳಿಯುವ ಸೈಕಲ್ ಯಂತ್ರದ ಮೇಲೆ ವಾರಕ್ಕೆ ಮೂರು ಸಲ, 40 ನಿಮಿಷದಂತೆ 15 ವಾರ ತರಬೇತಿ ಕೊಟ್ಟಿತು. ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಶೇ 22ರಷ್ಟು ಏರಿತು, ಕೈಕಾಲುಗಳ ಬಲ ಹೆಚ್ಚಿತು. ಮುಂದಿನ ವರ್ಷಗಳಲ್ಲಿ ಇಂಥ ಪ್ರಯೋಗಗಳ ಸಾಲೇ ಬಂತು. 2014ರಲ್ಲಿ ಲಾರಾ ಪಿಲುಟ್ಟಿ, ರಾಬರ್ಟ್ ಮಾಟಲ್ ಮತ್ತಿತರರು 26 ಪ್ರಯೋಗಗಳ 1,295 ಮಂದಿಯ ವಿವರವನ್ನು ಒಟ್ಟುಗೂಡಿಸಿ, ಎಲ್ಲರ ಮನಸ್ಸಿನಲ್ಲಿದ್ದ ಅಳುಕನ್ನೇ ನೇರವಾಗಿ ಪರೀಕ್ಷಿಸಿದರು. ರೋಗ ಮರುಕಳಿಸಿದ್ದು ವ್ಯಾಯಾಮ ಮಾಡಿದವರಲ್ಲಿ ಶೇ 4.6, ಮಾಡದವರಲ್ಲಿ ಶೇ 6.3. ಸ್ನಾಯು ಎಳೆತ, ಮಂಡಿನೋವಿನಂಥ ತೊಂದರೆ ವ್ಯಾಯಾಮದ ಗುಂಪಿನಲ್ಲಿ ತುಸು ಹೆಚ್ಚು, ಶೇ 2, ಇನ್ನೊಂದರಲ್ಲಿ 1.2. ಆರೋಗ್ಯವಂತರು ವ್ಯಾಯಾಮ ಶುರುಮಾಡಿದಾಗ ಆಗುವುದೂ ಇಷ್ಟೇ.

ಇದಾದ ಮೇಲೆ ಮಾರ್ಗಸೂಚಿಗಳು. ಕೆನಡಾದ್ದು 2013ರಲ್ಲಿ: ವಾರಕ್ಕೆರಡು ಸಲ 30 ನಿಮಿಷ ಉಸಿರು ಏರುವಷ್ಟು ನಡಿಗೆ ಅಥವಾ ಸೈಕಲ್ಲು, ವಾರಕ್ಕೆರಡು ಸಲ ಬಲವರ್ಧನೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2014ರಲ್ಲಿ, ವ್ಯಾಯಾಮ ಮಾಡುವಂತೆ ರೋಗಿಗಳನ್ನು ಹುರಿದುಂಬಿಸಿ, ಅದರಿಂದ ಎಂ.ಎಸ್.ಗೆ ಕೆಡುಕಿಲ್ಲವೆಂದು ತಿಳಿಸಿ ಎಂದು ವೈದ್ಯರಿಗೇ ಸೂಚಿಸಿತು. ಅಮೆರಿಕದ ರಾಷ್ಟ್ರೀಯ ಎಂ.ಎಸ್. ಸೊಸೈಟಿಯ 2020ರ ಶಿಫಾರಸು ಇನ್ನೂ ಮುಂದೆ ಹೋಯಿತು: ವ್ಯಾಯಾಮವೋ ದಿನನಿತ್ಯದ ಓಡಾಟವೋ, ಇಲ್ಲವೇ ಎರಡೂ, ತಲಾ ವಾರಕ್ಕೆ 150 ನಿಮಿಷದತ್ತ ಹೆಜ್ಜೆಹೆಜ್ಜೆಯಾಗಿ ಸಾಗಬೇಕು, ಗಾಲಿಕುರ್ಚಿಯಲ್ಲಿ ಇರುವವರಿಗೂ ಹಾಸಿಗೆ ಹಿಡಿದವರಿಗೂ ಉಸಿರಾಟದ, ಕೈಗಳ ವ್ಯಾಯಾಮ ಇರಬೇಕು, ಮತ್ತು ಇದನ್ನು ಹೇಳುವುದು ಚಿಕಿತ್ಸೆ ಕೊಡುವವರ ಹೊಣೆ.

ಅಲ್ಲಿಗೆ ಅಣೆಕಟ್ಟಿನಲ್ಲಿ ನೀರಿದೆ. ಗದ್ದೆಗೆ ಏಕೆ ಬರುತ್ತಿಲ್ಲ?

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಯವೊನ್ ಲಿಯರ್ಮಂತ್, ಮಾಟಲ್ ಮತ್ತಿತರರು ಇದೇ ಪ್ರಶ್ನೆ ಹಿಡಿದು ರೋಗಿಗಳನ್ನು ಕೂರಿಸಿ ದೀರ್ಘವಾಗಿ ಮಾತನಾಡಿಸಿದರು; 2017ರ ಹೊತ್ತಿಗೆ ಪ್ರಕಟವಾದ ಆ ಸಂದರ್ಶನಗಳಲ್ಲಿ ರೋಗಿಗಳು ಹೇಳಿದ್ದು ನಮ್ಮ ಒಪಿಡಿ ಸಾಲಿನಲ್ಲಿ ನಿಂತವರ ಮಾತಿನಂತೆಯೇ ಇದೆ. ವ್ಯಾಯಾಮದ ವಿಚಾರ ಅವರಿಗೆ ಬೇಕು. ಅದೂ ತಮ್ಮ ರೋಗ ಬಲ್ಲ ವೈದ್ಯರ, ಫಿಜಿಯೋಥೆರಪಿಸ್ಟರ ಬಾಯಿಂದಲೇ ಬರಬೇಕು. ಏನು ಲಾಭ, ಎಷ್ಟು ಮಾಡಬೇಕು ಎಂಬುದು ತಿಳಿಯಬೇಕು. ಮನೆಗೆ ಒಯ್ದು ನೋಡಿಕೊಳ್ಳುವಂಥದ್ದು ಏನಾದರೂ ಕೈಯಲ್ಲಿರಬೇಕು. ಶುರುಮಾಡಿದ್ದನ್ನು ಬಿಡದಂತೆ ನಡೆಸಿಕೊಂಡು ಹೋಗುವ ದಾರಿ ಬೇಕು. ವೈದ್ಯರನ್ನು ಕೇಳಿದರೆ ಅವರ ಅಳಲು ಬೇರೆ: ಭೇಟಿಯಲ್ಲಿ ಸಮಯವಿಲ್ಲ, ವ್ಯಾಯಾಮದ ಬಗ್ಗೆ ತಮಗೇ ತರಬೇತಿ ಸಾಲದು, ಕಳುಹಿಸೋಣವೆಂದರೆ ಯಾರ ಹತ್ತಿರ ಎಂದು ಗೊತ್ತಿಲ್ಲ. ರೋಗಿ ಕೇಳಲಿ ಎಂದು ಡಾಕ್ಟರು, ಡಾಕ್ಟರು ಹೇಳಲಿ ಎಂದು ರೋಗಿ. ಇಬ್ಬರೂ ಒಂದೇ ಮೇಜಿನ ಎರಡು ಬದಿ ಕುಳಿತು ಕಾಯುತ್ತಾರೆ.

ನಮ್ಮಲ್ಲಿ ಸಮಯದ ಕೊರತೆ ಇನ್ನೂ ಕಡುವಾದದ್ದು, ಒಪ್ಪೋಣ. ಆದರೆ ನಮ್ಮಲ್ಲಿ ಒಂದು ಅನುಕೂಲವೂ ಇದೆ, ಪಥ್ಯದ ಪ್ರಶ್ನೆ. ರೋಗಿ ತಾನಾಗಿ ಬಾಗಿಲಲ್ಲಿ ತಿರುಗಿ ನಿಂತು, ದಿನಚರಿಯಲ್ಲಿ ಏನು ಬದಲಿಸಲಿ ಎಂದು ಕೇಳುತ್ತಿದ್ದಾನೆ. ಪಕ್ಕದಲ್ಲಿ ಮನೆಯವರೂ ಕಿವಿಗೊಟ್ಟಿರುತ್ತಾರೆ. ವ್ಯಾಯಾಮ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ಪಥ್ಯ ಎಂದು ಹೇಳಿದ್ದನ್ನು ನಮ್ಮ ಮನೆಗಳು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತವೆ ಎಂಬುದಕ್ಕೆ ನನ್ನ ತಂಗಿಯ ಮೂರು ವರ್ಷಗಳೇ ಸಾಕ್ಷಿ.

ಹೇಳುವ ಮಾತು ಯಾವುದು ಎಂಬುದರಲ್ಲೇ ಇದೆ ಎಲ್ಲ. "ದಿನಾ ಸ್ವಲ್ಪ ವಾಕಿಂಗ್ ಮಾಡಿ" ಎಂಬುದು ಸಲಹೆಯಲ್ಲ. ಯಾವ ಡಾಕ್ಟರೂ "ಸ್ವಲ್ಪ ಮಾತ್ರೆ ನುಂಗಿ" ಎಂದು ಬರೆಯುವುದಿಲ್ಲ. 150 ನಿಮಿಷ ಎಂದು ಒಮ್ಮೆಗೇ ಎದುರಿಗಿಡುವುದೂ ತಪ್ಪು. ಐದು ನಿಮಿಷ ನಿಂತರೆ ಕಾಲು ನಡುಗುವವಳಿಗೆ ಆ ಅಂಕಿ ಕೇಳಿಯೇ ಕೈಚೆಲ್ಲುವಂತಾಗುತ್ತದೆ. ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಹೀಗೆ ಬರೆಯಬಹುದು: ನಡಿಗೆ, ಹತ್ತು ನಿಮಿಷ, ವಾರಕ್ಕೆ ಮೂರು ದಿನ, ಬೆಳಿಗ್ಗೆ ಬಿಸಿಲೇರುವ ಮೊದಲು. ಕೈಯೂರದೆ ಕುರ್ಚಿಯಿಂದ ಏಳುವುದು, ಎಂಟು ಸಲ. ಎರಡು ವಾರಕ್ಕೊಮ್ಮೆ ಎರಡು ನಿಮಿಷ ಹೆಚ್ಚಿಸುವುದು. ಮಾತನಾಡಬಹುದು ಆದರೆ ಹಾಡು ಹೇಳಲಾಗದು ಎನ್ನುವಷ್ಟು ಉಸಿರು ಏರಿದರೆ ಅದೇ ಹದ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ, ಅದನ್ನು ಹೇಳದೆ ಕಳುಹಿಸಿದರೆ ಬರೆದದ್ದೆಲ್ಲ ನೀರಿನಲ್ಲಿ ಹೋಮ. ಮೊದಲ ದಿನ ನಡೆದು ಬಂದಾಗ ಕಣ್ಣು ಮಂಜಾದರೆ, ಕಾಲು ಭಾರವಾದರೆ, ರೋಗಿ ಊಟ್‌ಹಾಫ್ ಅಂದುಕೊಂಡದ್ದನ್ನೇ ಅಂದುಕೊಳ್ಳುತ್ತಾಳೆ. ಎರಡನೆಯ ದಿನ ಏಳುವುದಿಲ್ಲ. ಹೀಗಾಗಬಹುದು, ಫ್ಯಾನಿನ ಕೆಳಗೆ ಕುಳಿತು ತಣ್ಣೀರು ಕುಡಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಇಳಿದರೆ ಅದು ಬಿಸಿಯಷ್ಟೇ ಎಂದು ಮೊದಲೇ ಹೇಳಿರಬೇಕು. ಇಪ್ಪತ್ನಾಲ್ಕು ಗಂಟೆ ದಾಟಿದರೂ ಇಳಿಯದಿದ್ದರೆ, ಹೊಸ ಲಕ್ಷಣ ಕಂಡರೆ, ಫೋನ್ ಮಾಡಬೇಕು. ರೋಗ ನಿಜವಾಗಿ ಮರುಕಳಿಸಿ ಸ್ಟೀರಾಯ್ಡ್ ನಡೆಯುತ್ತಿರುವ ದಿನಗಳಲ್ಲಿ ವಿಶ್ರಾಂತಿ ಸರಿಯೇ. ಚೇತರಿಸಿಕೊಂಡ ಮೇಲೆ ಮತ್ತೆ ಯಾವಾಗ ಶುರು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಆ ವಿಶ್ರಾಂತಿಗೆ ಕೊನೆಯೇ ಇರುವುದಿಲ್ಲ.

ಕೇಳದ ಹೊರತು ಹೊರಬೀಳದ ಅಡಚಣೆಗಳೂ ಇವೆ. ಎಂ.ಎಸ್.ನಲ್ಲಿ ಮೂತ್ರ ತಡೆಯಲಾಗದ ಅವಸರ ಬಹಳ ಸಾಮಾನ್ಯ. ನಡೆಯಲು ಹೋದ ದಾರಿಯಲ್ಲಿ ಶೌಚಾಲಯ ಇಲ್ಲದ ಊರಿನಲ್ಲಿ ಹೆಂಗಸು ವಾಕಿಂಗ್ ಬಿಡುತ್ತಾಳೆ, ಕಾರಣ ಕೇಳಿದರೆ "ಟೈಮ್ ಇಲ್ಲ" ಎನ್ನುತ್ತಾಳೆ. ಮಾವನೋ ಮೈದುನನೋ ಜೊತೆಗೆ ಬಂದಿದ್ದರೆ ಡಾಕ್ಟರ ಮುಂದೆ ಈ ಮಾತು ಬರುವುದೇ ಇಲ್ಲ. ತೂಕ, ಬಿ.ಪಿ. ನೋಡುವ ನೆಪದಲ್ಲಿ ನರ್ಸ್ ಒಬ್ಬರು ಪರದೆಯ ಆಚೆ ಕೇಳಿದರೆ ಬರುತ್ತದೆ. ಆಗ ಉತ್ತರ ಸುಲಭ: ಬೀದಿಯ ಬದಲು ಮಹಡಿಯ ಮೇಲೆ ನಡೆಯಿರಿ. ಪಾದ ಜೋತುಬಿದ್ದು ಎಡವುತ್ತಿದ್ದರೆ ಪಾದಕ್ಕೆ ಆಧಾರದ ಪಟ್ಟಿ ಬೇಕು, ಧೈರ್ಯದ ಮಾತು ಸಾಲದು. ಕಾಲಿನ ಬಿಗಿತಕ್ಕೆ ಬ್ಯಾಕ್ಲೋಫೆನ್ ನುಂಗುವವರಲ್ಲಿ ಕೆಲವರಿಗೆ ಮಾತ್ರೆಯ ನಂತರ ನಡೆಯುವುದು ಹಗುರ, ಕೆಲವರಿಗೆ ಮಂಡಿಯೇ ಕುಸಿಯುತ್ತದೆ. ವ್ಯಾಯಾಮದ ಹೊತ್ತನ್ನು ಅದನ್ನು ನೋಡಿ ಗೊತ್ತುಮಾಡಬೇಕು.

ಇಷ್ಟನ್ನೂ ನರರೋಗ ತಜ್ಞರೇ ಹೇಳಬೇಕೆಂದರೆ ಆಗದ ಮಾತು. ಅವರು ಮಾಡಬೇಕಾದದ್ದು ಎರಡು ನಿಮಿಷದ ಕೆಲಸ: ವ್ಯಾಯಾಮ ನಿಮ್ಮ ಚಿಕಿತ್ಸೆಯ ಭಾಗ, ಅಪಾಯವಿಲ್ಲ ಎಂದು ಮನೆಯವರ ಎದುರಿಗೇ ಹೇಳಿ, ಫಿಜಿಯೋಥೆರಪಿಸ್ಟರ ಹೆಸರು ಬರೆದುಕೊಡುವುದು. ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲು ಕೇಳುವುದು. ಕೇಳದಿದ್ದರೆ ರೋಗಿಗೆ ಅರ್ಥವಾಗುವುದು ಒಂದೇ, ಅದು ಅಷ್ಟೇನೂ ಮುಖ್ಯವಲ್ಲ ಎಂದು.

ಫಿಜಿಯೋಥೆರಪಿ ಎಂಬುದಕ್ಕೆ ನಮ್ಮ ಊರುಗಳಲ್ಲಿ ಇರುವ ಅರ್ಥ "ಕರೆಂಟ್ ಇಡಿಸಿಕೊಳ್ಳುವುದು". ಹತ್ತು ದಿನ ಹೋಗಿ ಮಲಗಿ, ಯಂತ್ರ ಕಟ್ಟಿಸಿಕೊಂಡು, ದುಡ್ಡು ಕೊಟ್ಟು ಬರುವುದು. ಬೆನ್ನುನೋವಿಗೆ ಅದು ಸಾಕೇನೋ. ಮೂವತ್ತು ನಲವತ್ತು ವರ್ಷ ಜೊತೆಗಿರುವ ರೋಗಕ್ಕೆ ಬೇಕಾದದ್ದು ತಿಂಗಳಿಗೊಮ್ಮೆ ಕಂಡು, ಮನೆಯಲ್ಲಿ ಮಾಡಿದ್ದನ್ನು ನೋಡಿ, ಲೆಕ್ಕ ಏರಿಸಿ ಇಳಿಸಿ ಕೊಡುವವರು. ಹೊರರೋಗಿಯಾಗಿ ಪಡೆಯುವ ಇಂಥ ಸೇವೆಗೆ ಬಹುತೇಕ ಆರೋಗ್ಯ ವಿಮೆಗಳು ದುಡ್ಡು ಕೊಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಎಂ.ಎಸ್. ಅನ್ನು ಸೇರಿಸಿದೆ; ಪ್ರಮಾಣಪತ್ರ ಸಿಗುತ್ತದೆ, ಆದರೆ ವೈಕಲ್ಯ ಹೆಚ್ಚದಂತೆ ನೋಡಿಕೊಳ್ಳುವ ವ್ಯಾಯಾಮಕ್ಕೆ ಅದರಿಂದ ದಾರಿ ತೆರೆದಿಲ್ಲ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿರುವ ಮೆದುಳು ಆರೋಗ್ಯ ಚಿಕಿತ್ಸಾಲಯಗಳ ಗಮನ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ರೋಗ, ತಲೆನೋವಿನ ಮೇಲಿದೆ. ಪಾರ್ಶ್ವವಾಯುವಿನವರಿಗೆ ನಡಿಗೆ ಕಲಿಸುವ ಫಿಜಿಯೋಥೆರಪಿಸ್ಟರೇ ಎಂ.ಎಸ್.ನವರನ್ನೂ ನೋಡಬಹುದು. ಬಿಸಿಯ ವಿಚಾರ, ಆಯಾಸದ ವಿಚಾರ, ಇವೆರಡನ್ನು ಹೊಸದಾಗಿ ಕಲಿಸಿದರೆ ಹೆಚ್ಚಿನದು ಆದಂತೆ.

ಯೋಗ ಸಾಲದೇ ಎಂದು ಯಾರಾದರೂ ಕೇಳುತ್ತಾರೆ. ಕೇಳಬೇಕಾದದ್ದೇ. ಅಮೆರಿಕದ ಆರೆಗಾನ್‌ನಲ್ಲಿ ಬ್ಯಾರಿ ಓಕನ್ ತಂಡ 69 ಎಂ.ಎಸ್. ರೋಗಿಗಳ ಮೇಲೆ ಆರು ತಿಂಗಳು ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ್ದು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯನ್ನೇ. ಕುರ್ಚಿ, ಗೋಡೆಗಳ ಆಸರೆ ಬಳಸುವ ಆ ಪದ್ಧತಿ ಸಮತೋಲ ತಪ್ಪುವವರಿಗೆ ಒಗ್ಗುತ್ತದೆ. ಏನೂ ಮಾಡದವರಿಗಿಂತ ಯೋಗ ಮಾಡಿದವರ ಆಯಾಸ ಕಡಿಮೆಯಾಯಿತು, ಸೈಕಲ್ಲು ತುಳಿದವರದ್ದೂ ಕಡಿಮೆಯಾಯಿತು. ನೆನಪು, ಏಕಾಗ್ರತೆಯಲ್ಲಿ ಎರಡರಿಂದಲೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇಷ್ಟವಾದದ್ದನ್ನು ಮಾಡಬಹುದು. ಆದರೆ ಯೋಗದಿಂದ ಎಂ.ಎಸ್. ಬುಡಸಹಿತ ಗುಣ ಎಂದು ಹೇಳಿ ಔಷಧ ಬಿಡಿಸುವವರ ಹತ್ತಿರ ಹೋಗುವುದು ಬೇಡ.

ವ್ಯಾಯಾಮದ ಪರವಾಗಿ ಮಾತನಾಡುವವರೂ ಅತಿ ಹೇಳಬಾರದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು 86 ಮಂದಿಯೊಂದಿಗೆ 24 ವಾರ ಕಠಿಣ ಏರೋಬಿಕ್ ತರಬೇತಿ ನಡೆಸಿ 2021ರಲ್ಲಿ ವರದಿ ಮಾಡಿದಾಗ, ಮೆದುಳು ಕುಗ್ಗುವುದು ಅದರಿಂದ ನಿಂತದ್ದು ಕಾಣಲಿಲ್ಲ. ಆರು ದೇಶಗಳ 311 ರೋಗಿಗಳ ಮೇಲೆ ನಡೆದು 2023ರಲ್ಲಿ ಬಂದ ಕಾಗ್‌ಎಕ್ಸ್ ಪ್ರಯೋಗದಲ್ಲಿ ಮಿದುಳಿನ ಕಸರತ್ತಿಗೆ ಮೈಯ ಕಸರತ್ತು ಸೇರಿಸಿದ್ದರಿಂದ ಗ್ರಹಣಶಕ್ತಿಗೆ ಹೆಚ್ಚಿನ ಲಾಭ ದೊರೆಯಲಿಲ್ಲ. ಕಾಲಿನ ಬಲ, ಉಸಿರಿನ ತಾಕತ್ತು, ನಡಿಗೆ, ಆಯಾಸ, ಮನಸ್ಸಿನ ಕುಗ್ಗು ಇವುಗಳಲ್ಲಿ ಸಿಗುವ ಲಾಭವೇ ದೊಡ್ಡದು. ಅದನ್ನು ಇದ್ದಷ್ಟೇ ಹೇಳಿದರೆ ರೋಗಿ ನಂಬುತ್ತಾಳೆ. ರೋಗವೇ ಹೋಗುತ್ತದೆಂದು ನಂಬಿ ನಡೆದವಳು ಮುಂದಿನ ಮರುಕಳಿಕೆಯ ದಿನ ಬಿಚ್ಚಿಟ್ಟ ಬೂಟನ್ನು ಮತ್ತೆ ಹಾಕುವುದಿಲ್ಲ.

ನನ್ನ ತಂಗಿಗೆ ಕಳೆದ ವರ್ಷ ಬೇರೆ ಡಾಕ್ಟರು ಸಿಕ್ಕರು. ಹಳೆಯ ಫೈಲು ತಿರುವಿ ಹಾಕಿ, ಅತ್ತೆಯನ್ನೂ ಒಳಗೆ ಕರೆಸಿ ಕೂರಿಸಿಕೊಂಡು, ಮಾತ್ರೆಗಳ ಕೆಳಗೆ ಇನ್ನೆರಡು ಸಾಲು ಬರೆದರು. ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಹಿಂದೆ ಕೊಡಪಾನ ಮುಟ್ಟಗೊಡದ ಅದೇ ಅತ್ತೆ ಈಗ ಬೆಳಿಗ್ಗೆ ಆರಕ್ಕೆ ಕೋಣೆಯ ಬಾಗಿಲು ಬಡಿಯುತ್ತಾರೆ, "ಏಳಮ್ಮ, ಡಾಕ್ಟರು ಬರೆದಿದ್ದಾರೆ" ಎಂದು. ಹತ್ತು ನಿಮಿಷ ಹದಿನೆಂಟಾಗಿದೆ. ಮೆಟ್ಟಿಲಿಗೆ ಕಂಬಿ ಈಗಲೂ ಬೇಕು, ಮೊದಲಿನಷ್ಟು ಜೋತುಬೀಳುವುದಿಲ್ಲ ಅಷ್ಟೇ. ಶುಕ್ರವಾರದ ರಂಗೋಲಿಯನ್ನು ನಾದಿನಿಯಿಂದ ವಾಪಸು ಪಡೆದಿದ್ದಾಳೆ. ಕುಕ್ಕರಗಾಲಿನಲ್ಲಿ ಕೂರಲು ಆಗದ್ದರಿಂದ ಮಣೆ ಹಾಕಿಕೊಂಡು, ಚುಕ್ಕಿ ಕಡಿಮೆ ಮಾಡಿ.